ಕಟ್ಟಡ ನೋಡೋಕೆ, ಬೆಂಕಿ ತಪಾಸಣೆಗೆ ನಮ್ಮ ಊರಲ್ಲಿ ಎಷ್ಟು ಜನ ಇದ್ದಾರೆ?

ಹೊರಮಾವು ನಿವಾಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ದಯವಿಟ್ಟು ಓದಿ.

2024ರ ಅಕ್ಟೋಬರ್ 22ರಂದು ಬೆಂಗಳೂರಿನಲ್ಲಿ ನಮ್ಮ ಮನೆಗೆ ಹತ್ತಿರದ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಒಂಬತ್ತು ಜನ ಸತ್ತರು. ಅನುಮತಿ ಇದ್ದದ್ದಕ್ಕಿಂತ ಜಾಸ್ತಿ ಮಹಡಿ ಎದ್ದಿತ್ತು. ಮುಂದಿನ ಆಗಸ್ಟ್‌ನಲ್ಲಿ ನಗರ್ತಪೇಟೆಯಲ್ಲಿ ಬೆಂಕಿ ಬಿದ್ದು ಐದು ಜನ ಹೋದರು. ವ್ಯಾಪಾರದ ಸರಕು ತುಂಬಿದ ಕಟ್ಟಡದಲ್ಲೇ ಸಂಸಾರವೂ ಇತ್ತು. ಎರಡೂ ಸಲ ಪರಿಹಾರ ಘೋಷಣೆಯಾಯಿತು, ‘ಅಕ್ರಮ ಕಟ್ಟಡಗಳ ಸರ್ವೆ ಮಾಡಿ’ ಅನ್ನೋ ಮಾತು ಬಂತು.

ಆ ಸರ್ವೆ ಮಾಡೋರು ಯಾರು? ನಮ್ಮ ವಾರ್ಡಿನ ಅದೇ ಇಂಜಿನಿಯರ್. ಬೆಳಗ್ಗೆ ರಸ್ತೆ ಗುಂಡಿ, ಆಮೇಲೆ ಚರಂಡಿ ದೂರು, ಮಧ್ಯಾಹ್ನ ಕೋರ್ಟು, ಸಂಜೆ ಮೇಲಿನವರ ಸಭೆ. ಇದರ ನಡುವೆ ಅವರು ಬೀದಿ ಬೀದಿ ಸುತ್ತಿ ಯಾರು ಎಷ್ಟು ಮಹಡಿ ಏರಿಸಿದ್ದಾರೆ ಅಂತ ನೋಡಬೇಕು.

ನಮಗೆ ಕಾನೂನಿನ ಕೊರತೆ ಇಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಪೂರ್ತಿ ಬೆಂಕಿ ಸುರಕ್ಷತೆಯ ಬಗ್ಗೆಯೇ ಇದೆ. ರಾಜ್ಯದಲ್ಲಿ 1964ರ ಅಗ್ನಿಶಾಮಕ ದಳದ ಕಾಯ್ದೆ ಇದೆ. ಪಾಲಿಕೆಯ ಕಟ್ಟಡ ನಿಯಮಗಳ ಬೈಲಾ ಇದೆ. ಇಲ್ಲದೇ ಇರೋದು ಇವನ್ನೆಲ್ಲ ಹಿಡಿದು ಸ್ಥಳಕ್ಕೆ ಹೋಗುವ ಜನ. ನನ್ನ ಪ್ರಶ್ನೆ ಒಂದೇ. ಇಷ್ಟು ಕಟ್ಟಡಕ್ಕೆ ಇಷ್ಟು ತಪಾಸಕರು ಅಂತ ಯಾರಾದರೂ ಲೆಕ್ಕ ಹಾಕಿದ್ದಾರಾ? ನಾವೇ ಕೂತು ಲೆಕ್ಕ ಹಾಕಿ ಕೇಳಬಾರದಾ?

ನಿವೃತ್ತ ಜೆಇ, ಮೈಸೂರು

ಒಳ್ಳೆ ಪ್ರಶ್ನೆ ಎತ್ತಿದ್ದೀರಿ ಸರ್. ಪಾಲಿಕೆಯಲ್ಲಿ ಜೂನಿಯರ್ ಇಂಜಿನಿಯರ್ ಆಗಿ ಕೆಲಸ ಮಾಡಿದವನಾಗಿ ಒಳಗಿನ ಸ್ಥಿತಿ ಹೇಳುತ್ತೇನೆ.

ನಕ್ಷೆ ಮಂಜೂರಾದ ಮೇಲೆ ಆ ಸೈಟಿಗೆ ಹಲವು ಸಲ ಹೋಗಬೇಕು. ಪಾಯ ತೋಡುವ ಮುಂಚೆ ಗೆರೆ ಹಾಕಿದಾಗ ಒಮ್ಮೆ. ಆಗಲೇ ಅಕ್ಕಪಕ್ಕ ಎಷ್ಟು ಜಾಗ ಬಿಟ್ಟಿದ್ದಾರೆ ಅನ್ನೋದು ಗೊತ್ತಾಗುತ್ತದೆ. ಪಾಯ ಮುಗಿದು ಪ್ಲಿಂತ್ ಅಂದರೆ ಮನೆಯ ನೆಲದ ಮಟ್ಟಕ್ಕೆ ಬಂದಾಗ ಇನ್ನೊಮ್ಮೆ. ಆಮೇಲೆ ಪ್ರತಿ ಮೋಲ್ಡಿಂಗ್‌ಗೆ ಒಮ್ಮೆ ನೋಡಿದರೆ ಯಾವ ಅಕ್ರಮವೂ ದೊಡ್ಡದಾಗಿ ಬೆಳೆಯೋದಿಲ್ಲ. ಕೊನೇ ಸ್ಲ್ಯಾಬ್ ಆದ ಮೇಲೂ ಪಿಲ್ಲರ್ ಸರಳನ್ನು ಉದ್ದ ಬಿಟ್ಟಿದ್ದರೆ ಇನ್ನೊಂದು ಮಹಡಿ ಬರುತ್ತದೆ ಅಂತಲೇ ಅರ್ಥ. ಅದನ್ನು ಓದೋಕೆ ದೊಡ್ಡ ಉಪಕರಣ ಬೇಡ. ಆ ದಿನ ಆ ಬೀದಿಯಲ್ಲಿ ನಿಂತು ನೋಡುವ ಒಬ್ಬ ಮನುಷ್ಯ ಬೇಕು.

ಆಗೋದೇನು ಅಂದರೆ, ನಕ್ಷೆ ಕೊಟ್ಟ ದಿನ ಬಿಟ್ಟರೆ ಯಾರೂ ಹೋಗಲ್ಲ. ದೂರು ಬಂದಾಗ ಹೋದರೆ ನಾಲ್ಕನೇ ಮಹಡಿ ಮುಗಿದಿರುತ್ತದೆ. ಆಮೇಲೆ ಅಕ್ರಮ ಭಾಗ ಕೆಡವಿಸೋಕೆ 1976ರ ಪೌರ ನಿಗಮಗಳ ಕಾಯ್ದೆಯ 321ನೇ ಕಲಂ. ಮೊದಲು ತಾತ್ಕಾಲಿಕ ಆದೇಶ, ಜೊತೆಗೆ ಕಾರಣ ಕೇಳಿ ನೋಟಿಸ್, ಉತ್ತರ ನೋಡಿ ಮೊದಲಿನದನ್ನು ಖಾಯಂ ಮಾಡುವ ಸ್ಥಿರೀಕರಣ ಆದೇಶ. ಪ್ರತಿ ಹಂತಕ್ಕೂ ಅಳತೆ, ಮಹಜರು, ಫೋಟೊ, ಕಡತ. ಒಂದು ಅಳತೆ ತಪ್ಪಿದರೂ ಕೋರ್ಟ್‌ನಲ್ಲಿ ತಡೆಯಾಜ್ಞೆ ಸಿಗುತ್ತದೆ. ನೋಟಿಸ್ ಕೊಟ್ಟು ಸುಮ್ಮನಾದರು ಅಂತ ಜನ ಬೈಯುತ್ತಾರೆ. ಆದರೆ ಆ ಕಡತವನ್ನು ಮುಂದಕ್ಕೆ ಒಯ್ಯೋಕೆ ಸರ್ವೇಯರ್ ಇಲ್ಲ, ಟೈಪ್ ಮಾಡುವ ಗುಮಾಸ್ತ ಇಲ್ಲ, ಕಾನೂನು ವಿಭಾಗದಲ್ಲಿ ಕೂತು ಉತ್ತರ ಬರೆಯೋರಿಲ್ಲ. ಬರೀ ಇಂಜಿನಿಯರ್ ಸಂಖ್ಯೆ ಹೆಚ್ಚಿಸಿದರೆ ಸಾಲದು.

ಇನ್ನೊಂದು ಮಾತು. 2023ರ ಆಗಸ್ಟ್ 11ರಂದು ಬೆಂಗಳೂರು ಪಾಲಿಕೆಯ ಕೇಂದ್ರ ಕಚೇರಿ ಆವರಣದ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯದಲ್ಲೇ ಬೆಂಕಿ ಬಿತ್ತು. ಒಂಬತ್ತು ನೌಕರರು ಸುಟ್ಟುಕೊಂಡರು. ಮುಖ್ಯ ಇಂಜಿನಿಯರ್ ಒಬ್ಬರು ಆಮೇಲೆ ತೀರಿಕೊಂಡರು. ಊರಿನ ಕಟ್ಟಡಗಳನ್ನೆಲ್ಲ ನೋಡಬೇಕಾದವರು ಕೂತ ಜಾಗವನ್ನೂ ಯಾರಾದರೂ ನಿಯಮಿತವಾಗಿ ನೋಡಬೇಕಲ್ವಾ? ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಚಿಕ್ಕಪೇಟೆ ವ್ಯಾಪಾರಿ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಹತ್ತು ಜನ ತಪಾಸಕರು ಬಂದರೆ ಹತ್ತು ಜನಕ್ಕೆ ಮಾಮೂಲು ಕೊಡಬೇಕು, ಅಷ್ಟೆ. ಅಂಗಡಿ ಪರವಾನಗಿ ನವೀಕರಣಕ್ಕೆ ಹೋದಾಗಲೇ ನಮಗೆ ಸಾಕಾಗುತ್ತದೆ.

ಪೇಟೆಯ ಗಲ್ಲಿಗಳಲ್ಲಿ ಎರಡು ಗಾಡಿ ಎದುರಾದರೆ ದಾಟೋಕಾಗಲ್ಲ. ಅಲ್ಲಿಗೆ ಬೆಂಕಿ ಇಂಜಿನ್ ಹೇಗೆ ಬರುತ್ತದೆ? ನಮ್ಮ ಕಟ್ಟಡಗಳು ಈ ಬೈಲಾಗಳು ಹುಟ್ಟುವ ಮುಂಚಿನವು. ಎರಡನೇ ಮೆಟ್ಟಿಲು ಮಾಡಿ ಅಂದರೆ ಎಲ್ಲಿ ಮಾಡೋದು? ನಾಳೆ ತಪಾಸಕರು ಬಂದು ಎಲ್ಲಕ್ಕೂ ಬೀಗ ಹಾಕಿದರೆ ಕೂಲಿಯವರು, ಗುಮಾಸ್ತರು, ತಳ್ಳುಗಾಡಿಯವರು ಎಲ್ಲ ಬೀದಿಗೆ ಬರುತ್ತಾರೆ. ನಗರ್ತಪೇಟೆಯಲ್ಲಿ ಸತ್ತವರ ಬಗ್ಗೆ ನಮಗೂ ಸಂಕಟ ಇದೆ. ಅವರು ನಮ್ಮ ನಡುವೆ ಬದುಕಿದವರು. ಆದರೆ ಜನ ಹೆಚ್ಚಿಸಿದರೆ ಸರಿಹೋಗುತ್ತದೆ ಅನ್ನೋದನ್ನು ನಾನು ನಂಬಲ್ಲ.

ಫೈರ್ ಸ್ಟೇಷನ್ ಕ್ವಾರ್ಟರ್ಸ್ ಹುಡುಗಿ

ಅಣ್ಣಾ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನನ್ನಪ್ಪ ಅಗ್ನಿಶಾಮಕ ಇಲಾಖೆಯಲ್ಲಿದ್ದವರು, ನಾನು ಬೆಳೆದದ್ದು ಠಾಣೆಯ ಹಿಂದಿನ ಕ್ವಾರ್ಟರ್ಸ್‌ನಲ್ಲಿ. ಆ ಕಡೆಯಿಂದ ಒಂದು ಮಾತು ಹೇಳಲೇಬೇಕು.

ಒಬ್ಬ ಠಾಣಾಧಿಕಾರಿಯ ಕೆಲಸ ಎಷ್ಟು ಅಂತ ನೋಡಿ. ಬೆಂಕಿ ಕರೆ ಬಂದರೆ ಗಾಡಿ ಹತ್ತಬೇಕು. ಬಾವಿಗೆ ಬಿದ್ದ ದನ, ಕೆರೆಯಲ್ಲಿ ಮುಳುಗಿದವರು, ಮಳೆಗೆ ಉರುಳಿದ ಮರ, ಎಲ್ಲಕ್ಕೂ ಇವರೇ. ಜಾತ್ರೆ, ಪಟಾಕಿ ಮಳಿಗೆ, ಗಣ್ಯರ ಕಾರ್ಯಕ್ರಮ ಅಂದರೆ ಅಲ್ಲಿ ಗಾಡಿ ನಿಲ್ಲಿಸಿ ಕಾಯಬೇಕು. ಶಾಲೆಗಳಲ್ಲಿ ಅಣಕು ಪ್ರದರ್ಶನ ಮಾಡಬೇಕು. ಇದೆಲ್ಲದರ ಮೇಲೆ ಕಟ್ಟಡ ತಪಾಸಣೆ ಮಾಡಿ ವರದಿ ಬರೆಯಬೇಕು. ತಪಾಸಣೆಗೆ ಅಂತ ಹೊರಟಿರುತ್ತಾರೆ, ಅರ್ಧ ದಾರಿಯಲ್ಲಿ ಕರೆ ಬರುತ್ತದೆ, ವಾಪಸ್. ಬೆಂಕಿ ಕಾಯೋಕಾಗಲ್ಲ, ತಪಾಸಣೆ ಕಾಯುತ್ತದೆ. ಹೀಗೆ ಪ್ರತಿ ಸಲ ಮುಂದಕ್ಕೆ ಹೋಗೋದು ತಪಾಸಣೆಯೇ.

ತಪಾಸಣೆ ಅಂದರೆ ಗೇಟಲ್ಲಿ ನಿಂತು ಸಹಿ ಹಾಕೋದಲ್ಲ. ನೆಲಮಾಳಿಗೆಯ ಪಂಪ್ ಆಟೋದಲ್ಲಿದೆಯಾ, ಮ್ಯಾನ್ಯುವಲ್‌ಗೆ ತಿರುಗಿಸಿ ಬಿಟ್ಟಿದ್ದಾರಾ? ಕರೆಂಟ್ ಹೋದಾಗ ಡೀಸೆಲ್ ಪಂಪ್ ಶುರುವಾಗುತ್ತದಾ? ಸಂಪ್‌ನಲ್ಲಿ ಬೆಂಕಿಗೆ ಅಂತ ಮೀಸಲಿಟ್ಟ ನೀರನ್ನು ಗಿಡಕ್ಕೆ ಬಿಟ್ಟಿದ್ದಾರಾ? ಮೇಲಿನ ಮಹಡಿಯ ಹೋಸ್‌ನಲ್ಲಿ ಒತ್ತಡ ಬರುತ್ತದಾ? ಮೆಟ್ಟಿಲ ಬಾಗಿಲಿಗೆ ಬೀಗ ಇದೆಯಾ? ವೈರು ಹೋಗುವ ಶಾಫ್ಟನ್ನು ಪ್ರತಿ ಮಹಡಿಯಲ್ಲೂ ಸರಿಯಾಗಿ ಮುಚ್ಚಿದ್ದಾರಾ?

ಈ ಕೊನೆಯ ಎರಡನ್ನು ಬೇಕಂತಲೇ ಬರೆದೆ. 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಶಾಫ್ಟ್ ಮೂಲಕ ಹೊಗೆ ಮೇಲಿನ ಮಹಡಿಗಳಿಗೆ ತುಂಬಿತು. ಹೊರಹೋಗುವ ದಾರಿ ಮುಚ್ಚಿತ್ತು. ಜನ ಗಾಜು ಒಡೆದು ಕೆಳಗೆ ಹಾರಿದರು. ಅಲ್ಲಿ ಕೊಂದದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ ಮತ್ತು ಎತ್ತರ. ಒಬ್ಬ ತಪಾಸಕ ಹಿಂದಿನ ತಿಂಗಳು ಆ ಮೆಟ್ಟಿಲು ಇಳಿದು ನೋಡಿದ್ದರೆ ಅಂತ ಅಪ್ಪ ಎಷ್ಟೋ ಸಲ ಹೇಳುತ್ತಿದ್ದರು. ಮಗನನ್ನು ಕಳೆದುಕೊಂಡ ಉದಯ್ ವಿಜಯನ್ ಮತ್ತು ಇತರ ಕುಟುಂಬಗಳು ಸೇರಿ ‘ಬಿಯಾಂಡ್ ಕಾರ್ಲ್‌ಟನ್’ ಸಂಘಟನೆ ಕಟ್ಟಿದರು, ನ್ಯಾಯಾಲಯಕ್ಕೂ ಹೋದರು. ಮನೆಯವರನ್ನು ಕಳೆದುಕೊಂಡವರೇ ಊರೆಲ್ಲ ಓಡಾಡಿ ಬೆಂಕಿ ಸುರಕ್ಷತೆ ಹೇಳಿಕೊಡಬೇಕಾದ ಸ್ಥಿತಿ ಬಂತು.

ಈಗ ನಮ್ಮ ಇಲಾಖೆಯಲ್ಲಿ 90 ಮೀಟರ್ ಏರುವ ಏಣಿ ಗಾಡಿ ಇದೆ. ಖಂಡಿತ ಬೇಕಾದದ್ದೇ. ಆದರೆ ಅದು ಬೆಂಕಿ ಬಿದ್ದ ಮೇಲೆ ಬರುವಂಥದ್ದು. ಬೆಂಕಿ ಬೀಳುವ ಮುಂಚೆ ಹೋಗುವವರಿಗೆ ದುಡ್ಡು ಕೇಳಿದರೆ ಯಾವ ಫೋಟೊ, ಯಾವ ಉದ್ಘಾಟನೆಯೂ ಇರೋದಿಲ್ಲ. ಅದಕ್ಕೇ ಯಾರೂ ಕೇಳಲ್ಲ ಅಂತ ನನಗನ್ನಿಸುತ್ತದೆ.

ಹೊರಮಾವು ನಿವಾಸಿ

ತಂಗಿ, ತುಂಬಾ ಉಪಯೋಗವಾಯಿತು. ನೀವು ಹೇಳಿದ್ದನ್ನೇ ಇಟ್ಟುಕೊಂಡು ಒಂದು ಅಂದಾಜು ಮಾಡಿದೆ. ಇದು ನನ್ನ ಅಂದಾಜು, ಸರ್ಕಾರದ್ದಲ್ಲ.

ಒಂದು ದೊಡ್ಡ ಕಟ್ಟಡವನ್ನು ಸರಿಯಾಗಿ ನೋಡೋಕೆ ಅರ್ಧ ದಿನ. ವರದಿ ಬರೆಯೋಕೆ, ಹಳೇ ಕಟ್ಟಡಗಳಿಗೆ ಮರುಭೇಟಿ ಕೊಡೋಕೆ ಇನ್ನರ್ಧ ದಿನ. ಅಂದರೆ ದಿನಕ್ಕೆ ಒಂದು. ರಜೆ, ತರಬೇತಿ, ಕೋರ್ಟ್ ದಿನಗಳನ್ನು ಕಳೆದರೆ ಒಬ್ಬರು ವರ್ಷಕ್ಕೆ ಸುಮಾರು 200 ಕಟ್ಟಡ ನೋಡಬಹುದು. ಒಂದು ವಲಯದಲ್ಲಿ 2,000 ಎತ್ತರದ ಕಟ್ಟಡ, ಆಸ್ಪತ್ರೆ, ಶಾಲೆ, ಮಾಲ್ ಇವೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ನೋಡಬೇಕು ಅಂದರೆ ಬರೀ ತಪಾಸಣೆಗೇ 10 ಜನ ಬೇಕು. ಎರಡು ವರ್ಷಕ್ಕೊಮ್ಮೆ ಅಂದರೆ 5. ಬೆಂಕಿ ಕರೆಗೆ ಹೋಗದ, ಬೇರೆ ಕೆಲಸಕ್ಕೆ ಎಳೆಯದ ಜನ. ಅಷ್ಟು ಇಲ್ಲ ಅಂದರೆ ಕೆಲವು ಕಟ್ಟಡಗಳನ್ನು ಯಾರೂ ನೋಡೋದೇ ಇಲ್ಲ ಅಂತ ಒಪ್ಪಿಕೊಂಡ ಹಾಗೆ. ಯಾವುದನ್ನು ನೋಡಲ್ಲ ಅನ್ನೋದನ್ನಾದರೂ ನಮಗೆ ಹೇಳಲಿ.

ಮ್ಯಾಂಚೆಸ್ಟರ್ ಕನ್ನಡಿಗ

ಇಲ್ಲಿಂದ ಒಂದು ವಿಷಯ ಸೇರಿಸುತ್ತೇನೆ. 2017ರ ಜೂನ್ 14ರಂದು ಲಂಡನ್‌ನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತರು. ಹೊರಗೋಡೆಗೆ ಹಾಕಿದ್ದ ಹೊದಿಕೆಗೆ ಬೆಂಕಿ ಹತ್ತಿತು ಅಂತ ಎಲ್ಲರಿಗೂ ಗೊತ್ತು. ಆ ನವೀಕರಣದ ಕೆಲಸವನ್ನು ಪರಿಶೀಲಿಸಬೇಕಾದ ಸ್ಥಳೀಯ ಕೌನ್ಸಿಲ್‌ನ ಸರ್ವೇಯರ್ ಕೈಯಲ್ಲಿ ಅದೇ ಹೊತ್ತಿಗೆ ನೂರಕ್ಕೂ ಹೆಚ್ಚು ಯೋಜನೆಗಳಿದ್ದವು ಅನ್ನೋದು ಅಷ್ಟಾಗಿ ಚರ್ಚೆಯಾಗಲಿಲ್ಲ. ವಿಚಾರಣೆಯಲ್ಲಿ ಅದೇ ಸಾಕ್ಷ್ಯ ಬಂತು. ಇಲಾಖೆಯಲ್ಲಿ ಜನ ಕಡಿಮೆಯಾಗುತ್ತಾ ಬಂದಿದ್ದರು, ಉಳಿದವರ ಮೇಲೆ ಹೊರೆ ಬಿದ್ದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಅಂತಿಮ ವರದಿ ಕೌನ್ಸಿಲ್‌ನ ಕಟ್ಟಡ ನಿಯಂತ್ರಣ ವಿಭಾಗವನ್ನು ಗಟ್ಟಿಯಾಗಿಯೇ ಟೀಕಿಸಿತು.

ಆಮೇಲೆ 2022ರ ಕಟ್ಟಡ ಸುರಕ್ಷತಾ ಕಾಯ್ದೆಯಡಿ 18 ಮೀಟರ್ ಅಥವಾ ಏಳು ಮಹಡಿ ಮತ್ತು ಅದಕ್ಕೂ ಎತ್ತರದ ವಸತಿ ಕಟ್ಟಡಗಳಿಗೆ ಬೇರೆಯೇ ನಿಯಂತ್ರಕ ಸಂಸ್ಥೆ ಬಂತು. ಒಳ್ಳೆಯದೇ. ಆದರೆ ಅಲ್ಲೂ ಪರಿಣತರ ಕೊರತೆ. 12 ವಾರದಲ್ಲಿ ಆಗಬೇಕಾದ ಅನುಮೋದನೆಗಳು ಎಷ್ಟೋ ತಿಂಗಳು ಎಳೆದವು, ಕಟ್ಟುವವರು ತಲೆ ಮೇಲೆ ಕೈ ಹೊತ್ತು ಕೂತರು. ಅಂದರೆ ಕಾನೂನು ಬಿಗಿ ಮಾಡಿ ಜನ ಕೊಡದಿದ್ದರೆ ಸುರಕ್ಷತೆಯೂ ಇಲ್ಲ, ಮನೆಯೂ ಇಲ್ಲ. ಅಲ್ಲಿ ನೀವು ಹೊಸ ಹುದ್ದೆ ಕೇಳುವಾಗ ತರಬೇತಿಯ ಅವಧಿಯನ್ನೂ ಸೇರಿಸಿ ಕೇಳಿ. ಅನುಭವಿ ತಪಾಸಕ ಒಂದೇ ವರ್ಷದಲ್ಲಿ ತಯಾರಾಗಲ್ಲ.

ಹುಬ್ಬಳ್ಳಿ ಆರ್ಕಿಟೆಕ್ಟ್

ನಾನು ನಕ್ಷೆ ಮಾಡುವವಳು, ಹಾಗಾಗಿ ನಮ್ಮವರ ಪಾಲಿನ ಜವಾಬ್ದಾರಿಯಿಂದ ಶುರು ಮಾಡುತ್ತೇನೆ.

ಬೆಂಗಳೂರಿನಲ್ಲಿ 2024ರಲ್ಲಿ ‘ನಂಬಿಕೆ ನಕ್ಷೆ’ ಬಂತು. ಸಣ್ಣ ವಸತಿ ಸೈಟುಗಳಿಗೆ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್ ಮೂಲಕವೇ ತಾತ್ಕಾಲಿಕ ಮಂಜೂರಾತಿ ಸಿಗುತ್ತದೆ. ಜನರಿಗೆ ಅಲೆದಾಟ ತಪ್ಪಿತು, ನಾನು ಅದನ್ನು ಸ್ವಾಗತಿಸುತ್ತೇನೆ. ಆದರೆ ಕಚೇರಿಯಲ್ಲಿ ಉಳಿದ ಸಮಯವನ್ನು ಸ್ಥಳ ಪರಿಶೀಲನೆಗೆ ಕೊಟ್ಟರೆ ಮಾತ್ರ ಈ ನಂಬಿಕೆ ಉಳಿಯುತ್ತದೆ. ಯಾವ ಸೈಟಿಗೆ ಯಾವಾಗ ಬರುತ್ತಾರೆ ಅಂತ ಗೊತ್ತಿಲ್ಲದ ಹಾಗೆ ಬಂದು ನೋಡಬೇಕು. ಸುಳ್ಳು ಪ್ರಮಾಣಪತ್ರ ಕೊಟ್ಟವರ ನೋಂದಣಿ ಹೋಗಬೇಕು.

2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು ಓದಿ. ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಅಂತ ಕೊಡುವ ಸ್ವಾಧೀನಾನುಭವ ಪತ್ರ) ತೋರಿಸದೆ ಕರೆಂಟ್, ನೀರಿನ ಸಂಪರ್ಕ ಕೊಡಬೇಡಿ ಅಂದಿತು. ಕಟ್ಟುವ ಹೊತ್ತಿನಲ್ಲಿ ಅಧಿಕಾರಿಗಳು ಆಗಾಗ ಹೋಗಿ ನೋಡಿ ದಾಖಲೆ ಇಡಬೇಕು ಅಂತಲೂ ಹೇಳಿತು. ನಮ್ಮಲ್ಲಿ ಮೊದಲನೇದು ಜಾರಿಯಾಯಿತು. ಎರಡನೇದರ ಬಗ್ಗೆ ಯಾರೂ ಮಾತಾಡಲಿಲ್ಲ. ಮನೆ ಕಟ್ಟಿ ಕರೆಂಟಿಗೆ ಅಲೆದವರ ಕಷ್ಟ ನೋಡಲಾಗುತ್ತಿರಲಿಲ್ಲ. ಕೊನೆಗೆ 2025ರಲ್ಲಿ 1,200 ಚದರ ಅಡಿವರೆಗಿನ ಸೈಟಿನ ಮನೆಗಳಿಗೆ ಓಸಿಯಿಂದ ವಿನಾಯಿತಿ ಬಂತು. ಬಡವರಿಗೆ ಉಸಿರು ಬಂತು, ನಿಜ. ಆದರೆ ಪಾಯದ ಹಂತದಲ್ಲೇ ಒಬ್ಬರು ಬಂದು ‘ಇಲ್ಲಿ ಮೂರಡಿ ಬಿಡಿ’ ಅಂದಿದ್ದರೆ ಎಷ್ಟೋ ಮನೆಗಳಿಗೆ ಈ ಫಜೀತಿಯೇ ಇರುತ್ತಿರಲಿಲ್ಲ.

ನಮ್ಮ ಅವಳಿ ನಗರದವರು ಯಾರೂ 2019ರ ಮಾರ್ಚ್ 19 ಮರೆತಿಲ್ಲ. ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಐದು ಮಹಡಿ ಕುಸಿದು 19 ಜನ ಸತ್ತರು. ಮೇಲೆ ಕೆಲಸ ನಡೆಯುತ್ತಿದ್ದಾಗಲೇ ಕೆಳಗೆ ಅಂಗಡಿಗಳು ಶುರುವಾಗಿದ್ದವು. ಪೂರ್ತಿಯಾಗದ ಕಟ್ಟಡದಲ್ಲಿ ವ್ಯಾಪಾರ ನಡೆಯೋದನ್ನು ಆ ರಸ್ತೆಯಲ್ಲಿ ಓಡಾಡಿದವರೆಲ್ಲ ನೋಡಿದ್ದರು. ನಿಲ್ಲಿಸಿ ಅನ್ನುವ ಅಧಿಕಾರ ಇದ್ದ ಒಬ್ಬರು ನೋಡಬೇಕಿತ್ತು.

ಚಿಕ್ಕಪೇಟೆ ವ್ಯಾಪಾರಿ

ಮೇಡಂ ಹೇಳಿದ ‘ಮೂರಡಿ ಬಿಡಿ’ ಮಾತು ನನಗೆ ಹಿಡಿಸಿತು. ಮೊದಲೇ ಬಂದು ಹೇಳುವವರು ಬೇಕು, ಕೊನೆಗೆ ಬಂದು ಬೀಗ ಹಾಕುವವರು ಬೇಡ. ಹಾಗಾದರೆ ನಾನು ಕೇಳೋದು ಇಷ್ಟು. ಪೇಟೆಯಂಥ ಹಳೇ ಜಾಗಕ್ಕೆ ಮೊದಲ ಭೇಟಿ ದಂಡ ಇಲ್ಲದ ಭೇಟಿ ಆಗಲಿ. ಬಂದವರು ಏನು ಮಾಡಬೇಕು ಅಂತ ಕನ್ನಡದಲ್ಲಿ ಬರೆದು ಕೊಡಲಿ. ಮಾಳಿಗೆಯಲ್ಲಿ ಸರಕು ತುಂಬಬೇಡಿ, ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ಬದಲಿಸಿ, ಗೋದಾಮಿನ ಮೇಲೆ ಯಾರನ್ನೂ ರಾತ್ರಿ ಮಲಗಿಸಬೇಡಿ. ಇಷ್ಟನ್ನು ನಾವು ಮಾಡಬಹುದು. ತಾರಸಿಯಿಂದ ಪಕ್ಕದ ತಾರಸಿಗೆ ದಾಟುವ ದಾರಿ ಮಾಡೋಕೆ ಅಕ್ಕಪಕ್ಕದ ಮಾಲೀಕರನ್ನು ನಾನೇ ಕೂರಿಸಿ ಮಾತಾಡುತ್ತೇನೆ.

ಆದರೆ ಲಂಚದ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ.

ನಿವೃತ್ತ ಜೆಇ, ಮೈಸೂರು

ಕೊಡುತ್ತೇನೆ. ಲಂಚ ಇಲ್ಲ ಅಂತ ನಾನು ಹೇಳಲ್ಲ. ಆದರೆ ಜನ ಕಡಿಮೆ ಇದ್ದಷ್ಟೂ ಒಬ್ಬರ ಕೈಯಲ್ಲಿ ಅಧಿಕಾರ ಜಾಸ್ತಿ ಆಗುತ್ತದೆ. ಅದೇ ವ್ಯಕ್ತಿ ನಕ್ಷೆ ನೋಡುತ್ತಾನೆ, ಅದೇ ವ್ಯಕ್ತಿ ಸ್ಥಳ ನೋಡುತ್ತಾನೆ, ಅದೇ ವ್ಯಕ್ತಿ ನೋಟಿಸ್ ಬರೆಯುತ್ತಾನೆ. ಅವನು ಕಣ್ಣು ಮುಚ್ಚಿದರೆ ಬೇರೆ ಯಾರಿಗೂ ಗೊತ್ತಾಗಲ್ಲ. ‘ನಾನು ಎಲ್ಲ ಕಡೆ ಹೋಗೋಕಾಗುತ್ತಾ ಸ್ವಾಮಿ’ ಅನ್ನೋ ನೆಪ ಅವನಿಗೆ ಸದಾ ಸಿದ್ಧ. ಆ ನೆಪ ನಿಜವೂ ಆಗಿರೋದರಿಂದ ಕೆಲಸಗಳ್ಳನನ್ನೂ ಪ್ರಾಮಾಣಿಕನನ್ನೂ ಬೇರೆ ಮಾಡೋಕಾಗಲ್ಲ.

ಮಂಜೂರು ಮಾಡುವವರು ಬೇರೆ, ತಪಾಸಣೆ ಮಾಡುವವರು ಬೇರೆ ಇರಲಿ. ಇಬ್ಬರು ಒಟ್ಟಿಗೆ ಹೋಗಲಿ. ಜೋಡಿ ಆಗಾಗ ಬದಲಾಗಲಿ. ಭೇಟಿಯ ದಿನಾಂಕ, ಫೋಟೊ, ಕಂಡ ದೋಷ, ಕೊಟ್ಟ ಗಡುವು ಎಲ್ಲ ಜನರಿಗೆ ಕಾಣುವ ಹಾಗೆ ಆನ್‌ಲೈನ್‌ನಲ್ಲಿ ಇರಲಿ. ಇದೆಲ್ಲಕ್ಕೂ ಜನ ಬೇಕು.

ಇನ್ನು ಅಮಾನತು. ಅದು ಬೇಡ ಅನ್ನಲ್ಲ. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆ ಪಟಾಕಿ ದುರಂತ ಆದ ಮೇಲೂ ಅಧಿಕಾರಿಗಳ ಅಮಾನತಾಯಿತು. ತಪ್ಪು ಮಾಡಿದವರ ಮೇಲೆ ಕ್ರಮ ಆಗಲೇಬೇಕು. ಆದರೆ ಖಾಲಿ ಹುದ್ದೆ ತುಂಬದೆ ಕೂತ ಮೇಲಿನವರನ್ನು ಯಾವತ್ತೂ ಯಾರೂ ಕೇಳಿಲ್ಲ.

ಶಿರಸಿ ಕಡೆಯವನು

ಬೆಂಗಳೂರು, ಹುಬ್ಬಳ್ಳಿ ಮಾತೇ ಆಯಿತು. ನಮ್ಮಂಥ ಊರುಗಳಲ್ಲೂ ಈಗ ಐದು ಮಹಡಿ ಲಾಡ್ಜ್, ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್ ಏಳುತ್ತಿವೆ. ನಗರಸಭೆಯ ಇಂಜಿನಿಯರ್ ನೀರಿನ ಪೈಪು ನೋಡೋದರಲ್ಲೇ ಸುಸ್ತು. ಪ್ರತಿ ಊರಿಗೂ ಪರಿಣತರನ್ನು ಕೊಡೋಕಾಗದಿದ್ದರೆ ಜಿಲ್ಲೆಗೊಂದು ತಪಾಸಣಾ ತಂಡ ಮಾಡಲಿ, ತಾಲೂಕು ತಾಲೂಕಿಗೆ ತಿರುಗಲಿ. ಮದುವೆ ಸೀಸನ್ ಶುರುವಾಗುವ ಮುಂಚೆ ಮಂಟಪಗಳನ್ನೊಮ್ಮೆ ನೋಡಿದರೂ ದೊಡ್ಡ ಉಪಕಾರ.

ಫೈರ್ ಸ್ಟೇಷನ್ ಕ್ವಾರ್ಟರ್ಸ್ ಹುಡುಗಿ

ಶಿರಸಿಯವರ ಸಲಹೆ ಚೆನ್ನಾಗಿದೆ. ದುಡ್ಡಿನ ಬಗ್ಗೆ ಒಂದು ಮಾತು. ಎತ್ತರದ ಕಟ್ಟಡಗಳ ಮೇಲೆ ಶೇ. 1ರ ಅಗ್ನಿ ಸೆಸ್ ಹಾಕಲು ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿದೆ. ಆ ದುಡ್ಡಿನಲ್ಲಿ ಒಂದು ಪಾಲು ತಪಾಸಕರ ಸಂಬಳಕ್ಕೆ ಅಂತಲೇ ಮೀಸಲಿಡಿ ಅಂತ ಕೇಳಬಹುದು. ಎತ್ತರದ ಕಟ್ಟಡದಲ್ಲಿ ಇರೋರು ಕೊಟ್ಟ ದುಡ್ಡು, ಅವರ ಮೆಟ್ಟಿಲು ನೋಡೋಕೇ ಬಳಕೆಯಾಗಲಿ.

ಹೊರಮಾವು ನಿವಾಸಿ

ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಅಂತ ತೀರ್ಮಾನಿಸಿದ್ದೇನೆ. ಅಗ್ನಿಶಾಮಕ ಇಲಾಖೆಗೆ ಕೇಳೋದು: ನಮ್ಮ ವ್ಯಾಪ್ತಿಯ ಠಾಣೆಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಬರೀ ತಪಾಸಣೆಗೆ ಅಂತ ನೇಮಿಸಿದವರು ಎಷ್ಟು, ಕಳೆದ ವರ್ಷ ಎಷ್ಟು ಕಟ್ಟಡ ನೋಡಿದರು. ಪಾಲಿಕೆಗೆ ಕೇಳೋದು: ನಗರ ಯೋಜನೆ ವಿಭಾಗದ ಹುದ್ದೆಗಳು, ನಕ್ಷೆ ಪಡೆದ ಕಟ್ಟಡಗಳ ಸಂಖ್ಯೆ, ಕಟ್ಟುವ ಹಂತದಲ್ಲಿ ಭೇಟಿ ಕೊಟ್ಟ ದಿನಾಂಕಗಳು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆ ಆಗಿರೋದರಿಂದ ಅವರವರ ಪಾಲಿಕೆಗೆ ಅವರವರೇ ಹಾಕಬೇಕು. ಯಾರ್ಯಾರು ಸೇರುತ್ತೀರಿ ಹೇಳಿ.

ಚಿಕ್ಕಪೇಟೆ ವ್ಯಾಪಾರಿ

ನನ್ನ ಹೆಸರು ಬರೆದುಕೊಳ್ಳಿ. ನಮ್ಮ ಬೀದಿಯ ಇಬ್ಬರು ಮೂವರನ್ನೂ ಕರೆತರುತ್ತೇನೆ.

ಹುಬ್ಬಳ್ಳಿ ಆರ್ಕಿಟೆಕ್ಟ್

ಹುಬ್ಬಳ್ಳಿ-ಧಾರವಾಡದ್ದು ನಾನು ಹಾಕುತ್ತೇನೆ. ಪ್ರಶ್ನೆಗಳ ಪಟ್ಟಿ ಇಲ್ಲೇ ಹಾಕಿ, ಎಲ್ಲರೂ ಒಂದೇ ಥರ ಕೇಳಿದರೆ ಉತ್ತರಗಳನ್ನು ಹೋಲಿಸಿ ನೋಡಬಹುದು.

ನಿವೃತ್ತ ಜೆಇ, ಮೈಸೂರು

ಒಂದು ಎಚ್ಚರಿಕೆ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ನೀವು ಬರೆದದ್ದನ್ನು ಹಾಗೇ ಕಳಿಸಿದರೆ ಅದೇ ಕಾರಣ ಕೊಟ್ಟು ವಾಪಸ್ ಕಳಿಸುತ್ತಾರೆ. ಹುದ್ದೆಗಳ ವಿಷಯಕ್ಕೆ ಒಂದು ಅರ್ಜಿ, ತಪಾಸಣೆ ಭೇಟಿಗಳಿಗೆ ಇನ್ನೊಂದು ಮಾಡಿ. ಪ್ರತಿಯೊಂದಕ್ಕೂ 10 ರೂಪಾಯಿ ಶುಲ್ಕ. ‘ಮಾಹಿತಿ ಕೊಡಿ’ ಅಂತ ಬರೆಯೋ ಬದಲು ‘ಹುದ್ದೆವಾರು ಪಟ್ಟಿಯ ದೃಢೀಕೃತ ಪ್ರತಿ’, ‘ತಪಾಸಣಾ ರಿಜಿಸ್ಟರಿನ ಪ್ರತಿ’ ಅಂತಲೇ ಕೇಳಿ. ಇಂಥ ಪಟ್ಟಿ, ರಿಜಿಸ್ಟರ್ ಇಡಲೇಬೇಕು. ಇಲ್ಲ ಅಂದರೆ ‘ಇಲ್ಲ’ ಅಂತ ಬರೆದು ಕೊಡಲಿ, ಆ ಉತ್ತರವೂ ನಮಗೆ ಬೇಕು. 30 ದಿನದಲ್ಲಿ ಏನೂ ಬರದಿದ್ದರೆ ಮೊದಲ ಮೇಲ್ಮನವಿ ಬರೆದು ಕೊಡೋಕೆ ನಾನಿದ್ದೇನೆ. ಎರಡೂ ಅರ್ಜಿಯ ಕರಡು ಇವತ್ತು ರಾತ್ರಿ ಇಲ್ಲಿ ಹಾಕುತ್ತೇನೆ. ಊರಿನ ಹೆಸರು, ಪಾಲಿಕೆಯ ಹೆಸರು ಬದಲಿಸಿಕೊಂಡು ಕಳಿಸಿ.